ವಾರ್ನಿಂಗ್ ಬೆಲ್

ಗಿರಿಜಾ ಟೀಚರೂ ಫೇಲಾಗಬಹುದು ಎಂಬ ಮಾತು ಬಿಜೂರಿನ ಆ ಮನೆಯಲ್ಲಿ ಮೊದಲು ಬಂದದ್ದು ಬಂಗುಡೆ ಸಾರಿನ ಎದುರಿಗೆ. ಭಾನುವಾರ ಮಧ್ಯಾಹ್ನದ ಊಟ. ಟೀಚರ ಗಂಡ ಚಂದಯ್ಯ ಶೆಟ್ಟರು ಮೀನಿನ ತಲೆ ಚೀಪುತ್ತಿದ್ದರು. ಮಗ ಅಜಿತ್ ಒಂದು ಕಣ್ಣು ಬಟ್ಟಲಿನ ಮೇಲೆ, ಒಂದು ಕಣ್ಣು ಮೊಬೈಲಿನ ಮೇಲೆ ಇಟ್ಟು ಉಣ್ಣುತ್ತಿದ್ದ. ಸೊಸೆ ಸುಪ್ರೀತಾ ಎರಡನೇ ಸಲ ಅನ್ನ ಬಡಿಸಲು ಸೌಟು ಹಿಡಿದು ನಿಂತಿದ್ದಳು.

"ಅಮ್ಮ, ಇದ್ ಕಾಣ್," ಅಂದ ಅಜಿತ್. "ಕೋರ್ಟ್ ಹೇಳಿತಂಬ್ರ್. ಕೆಲ್ಸದಲ್ಲಿಪ್ಪ ಟೀಚರ್‌ಗಳೂ ಟಿಇಟಿ ಪಾಸ್ ಆಯ್ಕಂಬ್ರ್."

"ಅದ್ ಹೊಸಬ್ರಿಗೆ ಮಾರಾಯಾ. ನಂಗ್ ಇಪ್ಪತ್ತೇಳ್ ವರ್ಷ ಸರ್ವಿಸ್ ಆಯ್ತ್."

"ಹಳಬ್ರಿಗೂ ಇತ್ತ್. ಐದ್ ವರ್ಷಕ್ಕಿಂತ ಹೆಚ್ಚ್ ಸರ್ವಿಸ್ ಬಾಕಿ ಇದ್ದರಿಗೆಲ್ಲ. ಎರಡ್ ವರ್ಷದೊಳ್ಗ್ ಪಾಸ್ ಆಗ್ದಿರೆ ಮನಿಗೇ ಅಂಬ್ರ್."

ಗಿರಿಜಾ ಟೀಚರಿಗೆ ಐವತ್ತೆರಡು. ನಿವೃತ್ತಿಗೆ ಇನ್ನೂ ಎಂಟು ವರ್ಷ. ಲೆಕ್ಕ ಮಾಡಲು ಅವರಿಗೆ ಕ್ಷಣವೂ ಬೇಕಾಗಲಿಲ್ಲ, ಕೈಯಲ್ಲಿದ್ದ ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ. ಆ ಮನೆ ನಡೆಯುತ್ತಿದ್ದುದೇ ಅವರ ಸಂಬಳದಲ್ಲಿ. ಚಂದಯ್ಯ ಶೆಟ್ಟರ ಮುಂಬೈ ಹೋಟೆಲು ಮುಚ್ಚಿ ಆರು ವರ್ಷವಾಗಿತ್ತು. ಅಜಿತನ ಗೂಡ್ಸ್ ಟೆಂಪೊ ತಿಂಗಳಲ್ಲಿ ಹದಿನೈದು ದಿನ ಓಡಿದರೆ ಹೆಚ್ಚು.

ಇಷ್ಟೇ ಆಗಿದ್ದರೆ ಮನೆಯವರೆಲ್ಲ ಸೇರಿ ಕೋರ್ಟಿಗೆ ಬೈದು ಕೈ ತೊಳೆದು ಏಳಬಹುದಿತ್ತು. ಆದರೆ ಅದೇ ಟಿಇಟಿಯನ್ನು, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಸುಪ್ರೀತಾ ಈ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದಳು. ಡಿ.ಎಡ್. ಮುಗಿಸಿ ಬ್ರಹ್ಮಾವರದಿಂದ ಮದುವೆಯಾಗಿ ಬಂದವಳು. ನೂರೈವತ್ತಕ್ಕೆ ತೊಂಬತ್ತು ಬೇಕು. ಮೊದಲ ಸಲ ಎಂಬತ್ತೆಂಟು, ಎರಡನೇ ಸಲ ಎಂಬತ್ತಾರು. ಮೊದಲ ಪರೀಕ್ಷೆಯ ಹಿಂದಿನ ದಿನ ಗದ್ದೆ ನಟ್ಟಿಗೆ ಬಂದ ಹದಿನಾಲ್ಕು ಮಂದಿ ಆಳುಗಳಿಗೆ ಗಂಜಿ, ಚಟ್ನಿ, ಮಧ್ಯಾಹ್ನದ ಊಟ ಎಲ್ಲ ಅವಳೊಬ್ಬಳೇ ಮಾಡಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡು ಮಾರ್ಕಿನ ಕಥೆಯನ್ನು ಮಾತ್ರ ಗಿರಿಜಾ ಟೀಚರು ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳಿ ಮುಗಿಸಿದ್ದರು. "ನಮ್ಮನಿ ಸೊಸಿಯ ಎರಡ್ ಮಾರ್ಕ್ ಎಲ್ಲೋ ಬಿದ್ದ್ ಹೋಯ್ತಂಬ್ರ್, ಸಿಕ್ಕಿರೆ ಹೇಳಿ" ಎಂದು ನಗಿಸಿದ್ದರು. ಸುಪ್ರೀತಾಳ ಕಿವಿಗೂ ಅದು ಬಂದಿತ್ತು. ಬರಲಿ ಎಂದೇ ಹೇಳಿದ್ದು.

ಈಗ ಅವಳು ಸೌಟು ಹಿಡಿದು ನಿಂತಲ್ಲೇ ಕೇಳಿದಳು, "ಅತ್ತೆ, ಅನ್ನ ಹಾಕ್ಲಾ?"

"ಬ್ಯಾಡ."

"ಸ್ವಲ್ಪ ಉಣ್ಣಿ. ಓದೂಕೆ ಶಕ್ತಿ ಬೇಕಲೆ."

ಚಂದಯ್ಯ ಶೆಟ್ಟರು ಮೀನಿನ ಮುಳ್ಳು ಸಿಕ್ಕಿಕೊಂಡವರಂತೆ ಕೆಮ್ಮಿದರು. ಗಿರಿಜಾ ಟೀಚರು ಬಟ್ಟಲು ಸರಿಸಿ ಎದ್ದುಹೋದರು.

*

ಟೀಚರು ಹದಿನೈದು ದಿನ ಒಬ್ಬರೇ ಓದಿದರು. ಬೈಂದೂರಿನಿಂದ ಅಜಿತ್ ತಂದ ಮಾದರಿ ಪ್ರಶ್ನೆಗಳ ದಪ್ಪ ಪುಸ್ತಕವನ್ನು ಸಂಜೆ ಜಗಲಿಯಲ್ಲಿ ಬಿಡಿಸಿ ಕೂರುವರು, ಎರಡು ಪುಟಕ್ಕೆ ಒಮ್ಮೆ "ಎಂತ ಮಂಡೆ ಸಮ ಇಲ್ದಿದ್ದರ್ ಬರ್ದದ್ದ್ ಇದ್!" ಎಂದು ಬೈಯುವರು. ಮೊದಲ ಮಾದರಿ ಪತ್ರಿಕೆ ಬರೆದು ಉತ್ತರ ನೋಡಿಕೊಂಡಾಗ ಅರವತ್ತೊಂದು ಬಂತು. ಆ ಹಾಳೆಯನ್ನು ಅವರು ಬಚ್ಚಲ ಒಲೆಗೆ ಹಾಕಿದರು. ಬೂದಿ ತೆಗೆಯುವಾಗ ಸುಪ್ರೀತಾಳಿಗೆ ಸುಡದೆ ಉಳಿದ ಮೂಲೆ ಸಿಕ್ಕಿತು, ಅದರಲ್ಲಿ ಕೆಂಪು ಶಾಯಿಯಲ್ಲಿ 61 ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ತಮ್ಮ ಪತ್ರಿಕೆಗೂ ಟೀಚರು ಕೆಂಪು ಪೆನ್ನಿನಲ್ಲೇ ಮಾರ್ಕು ಹಾಕಿಕೊಂಡಿದ್ದರು. ಅವಳು ಆ ಚೂರನ್ನು ತಂದು ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ನು ಚುಚ್ಚಿ ನೇತುಹಾಕಿದಳು. ಒಳ್ಳೆಯ ಸೊಸೆ ಮಾಡುವ ಕೆಲಸ ಅಲ್ಲ. ಆದರೆ ನಾಲ್ಕು ವರ್ಷ ಒಳ್ಳೆಯವಳಾಗಿದ್ದು ಅವಳಿಗೆ ಸಿಕ್ಕಿದ್ದಾದರೂ ಎಂತ?

ಟೀಚರು ಅದನ್ನು ಕಂಡರು. ಆ ದಿನ ಅಡುಗೆಮನೆಯಲ್ಲಿ ಬಿದ್ದ ಪಾತ್ರೆಗಳ ಸದ್ದು ಪಕ್ಕದ ಮನೆಗೂ ಕೇಳಿತು.

"ಯಾರಿಗ್ ತೋರ್ಸುಕೆ ಹಾಕಿದ್ದ್ ಇದ್?"

"ಯಾರಿಗೂ ಅಲ್ಲ. ನೀವ್ ನನ್ ಎಂಬತ್ತೆಂಟನ್ನ್ ಊರಿಗೆಲ್ಲ ತೋರ್ಸ್ಲಿಲ್ಯಾ, ನಾನ್ ಅಡ್ಗಿಮನಿಯೊಳ್ಗೇ ಇಟ್ಟಿದೆ."

"ಹೆಣೆ, ನಾನ್ ನಿಂಗ್ ಅತ್ತಿ!"

"ಪರೀಕ್ಷಿಗ್ ಅದ್ ಗೊತ್ತಿಲ್ಯಲೆ ಅತ್ತೆ."

ಅಜಿತ್ ಟೆಂಪೊದ ಕೀ ತೆಗೆದುಕೊಂಡು ಹೊರಟೇಹೋದ. ಆ ಮನೆಯಲ್ಲಿ ಜಗಳ ಶುರುವಾದ ಕೂಡಲೇ ಅವನಿಗೆ ಬಾಡಿಗೆ ಸಿಗುತ್ತಿತ್ತು.

ಕೊನೆಗೆ ಮಧ್ಯಸ್ಥಿಕೆಗೆ ನಿಂತದ್ದು ಚಂದಯ್ಯ ಶೆಟ್ಟರು. ಸಂಜೆ ಚಾ ಕುಡಿಯುತ್ತ, ಮುಂಬೈಯಲ್ಲಿ ಗಲ್ಲಾದ ಮೇಲೆ ಕೂತು ಹುಡುಗರ ಜಗಳ ಬಿಡಿಸುತ್ತಿದ್ದ ಧ್ವನಿಯಲ್ಲಿ ಹೇಳಿದರು. "ಬಸ್, ಸಾಕ್. ಗಿರಿಜಾ, ನಿಂಗ್ ಪಾಠ ಮಾಡೂಕೆ ಬತ್ತ್, ಪರೀಕ್ಷೆ ಬರೂಕೆ ಬತ್ತಿಲ್ಲ. ಇವ್ಳಿಗ್ ಎರಡ್ ಸಲ ಬರ್ದ್ ಅಭ್ಯಾಸ ಇತ್ತ್. ಇವ್ಳ್ ಕಲ್ಸ್ಲಿ, ನೀ ಕಲಿ."

"ಇವ್ಳತ್ರ? ನಾನಾ?"

"ಮತ್ತೆ ನನ್ನತ್ರ ಕಲೀತ್ಯಾ? ನಾನ್ ಏಳನೇ ಕ್ಲಾಸ್."

ಸುಪ್ರೀತಾ ಚಾ ಲೋಟ ಎತ್ತುತ್ತ ಹೇಳಿದಳು. "ಕಲಿಸ್ತೆ. ಆರೆ, ದಿನಾ ಸಂಜಿ ಆರರಿಂದ ಎಂಟೂವರೆ. ಪರೀಕ್ಷೆ ಎರಡೂವರೆ ಗಂಟೆ, ಅಭ್ಯಾಸವೂ ಎರಡೂವರೆ ಗಂಟೆ ಕೂಕಂಡೇ ಆಯ್ಕ್. ಅವರೊಟ್ಟಿಗೆ ನಾನೂ ಬರೀತೆ. ಆ ಹೊತ್ತಿಗ್ ಅಡ್ಗಿ ಯಾರ್ ಮಾಡೂದಂದೇಳಿ ನೀವೇ ಹೇಳಿ ಮಾವ."

ಇದಕ್ಕೆ ಚಂದಯ್ಯ ಶೆಟ್ಟರು ತಯಾರಿರಲಿಲ್ಲ. ಮುಂಬೈಯ ದಾದರಿನಲ್ಲಿ ಹದಿನೆಂಟು ವರ್ಷ ಭಟ್ಟಿಯ ಮುಂದೆ ನಿಂತು ದಿನಕ್ಕೆ ಮುನ್ನೂರು ಮಂದಿಗೆ ಬೇಯಿಸಿದ ಮನುಷ್ಯ, ಸ್ವಂತ ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚಿದವರಲ್ಲ. ಅತ್ತೆ ಸೊಸೆ ಇಬ್ಬರೂ ಅವರನ್ನೇ ನೋಡಿದರು. "ಚಲ್," ಅಂದರು ಶೆಟ್ಟರು, "ನಾನ್ ಮಾಡ್ತೆ."

ಮರುದಿನ ಎಂಟೂವರೆಗೆ ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಮದುವೆಗೆ ಎರವಲು ಕೊಡುವ ದೊಡ್ಡ ಪಾತ್ರೆಯಲ್ಲಿ ಕಂಠಮಟ್ಟ ಸಾಂಬಾರು ಕುದಿಯುತ್ತಿತ್ತು.

"ಅಪ್ಪಯ್ಯ, ನಾಳಿಗ್ ಯಾರದ್ದಾರೂ ಮದಿ ಇತ್ತಾ?" ಅಂದ ಅಜಿತ್.

"ಎರಡ್ ಬಟ್ಲ್ ಬ್ಯಾಳಿ ಹ್ಯಾಂಗ್ ಬೇಯ್ಸೂದಂದೇಳಿ ನಂಗ್ ಗೊತ್ತಿಲ್ಲ ಮಾರಾಯಾ. ಕೈ ಅದಕ್ಕ್ ಬತ್ತಿಲ್ಲ."

ಮೂರು ದಿನ ಅದೇ ಸಾಂಬಾರು ಉಂಡರು. ನಾಲ್ಕನೇ ದಿನ ಉಳಿದದ್ದನ್ನು ತೆಂಗಿನ ಬುಡಕ್ಕೆ ಹೊಯ್ದರು.

*

ಅಭ್ಯಾಸ ಜಗಲಿಯ ಮೇಜಿನಲ್ಲಿ. ಒಂದು ಕಡೆ ಅತ್ತೆ, ಎದುರು ಸೊಸೆ, ನಡುವೆ ಮೊಬೈಲು. ಸುಪ್ರೀತಾ ಅದರಲ್ಲಿ ಎರಡೂವರೆ ಗಂಟೆಯ ಅಲಾರಾಂ ಇಡುವಳು, ಮುಗಿಯುವಾಗ ಅದು ಹಕ್ಕಿ ಕೂಗಿದಂತೆ ಕೂಗುವುದು. ಗಿರಿಜಾ ಟೀಚರಿಗೆ ಅದು ಪರೀಕ್ಷೆ ಅನಿಸುತ್ತಲೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅವರಷ್ಟು ಕಟ್ಟುನಿಟ್ಟಿನ ಮೇಲ್ವಿಚಾರಕಿ ಆ ಕಡೆ ಬೇರೆ ಇರಲಿಲ್ಲ. ವಾರ್ನಿಂಗ್ ಬೆಲ್ ಆಯಿತೋ, ಕುರ್ಚಿಯಿಂದ ಎದ್ದು "ಐದ್ ನಿಮಿಷ, ದಾರ ಕಟ್ಟಿ!" ಎಂದು ಕೂಗಿದರೆ ಹಿಂದಿನ ಬೆಂಚಿನ ಗಂಡುಮಕ್ಕಳ ಕೈಯಿಂದ ಪೆನ್ನು ಬೀಳುತ್ತಿತ್ತು. ಅಂಥವರು ಈಗ ಹಕ್ಕಿಯ ಕೂಗಿಗೆ ಪೆನ್ನು ಕೆಳಗಿಡಬೇಕು.

ಜಗಳ ಹೆಚ್ಚು ಆಗುತ್ತಿದ್ದದ್ದು ಬೋಧನಾಶಾಸ್ತ್ರದ ಪ್ರಶ್ನೆಗಳಲ್ಲಿ. ಗಣಿತದಲ್ಲಿ ತಪ್ಪಿದರೆ ಟೀಚರು ಒಪ್ಪುವರು. ಮಕ್ಕಳ ವಿಷಯದಲ್ಲಿ ತಪ್ಪು ಎಂದರೆ ಉರಿದುಬೀಳುವರು.

"ಎರಡನೇ ತರಗತಿಯ ಮಗು ಪ್ರತಿದಿನ ತಡವಾಗಿ ಬರುತ್ತದೆ," ಓದಿದಳು ಸುಪ್ರೀತಾ. "ಶಿಕ್ಷಕಿ ಏನು ಮಾಡಬೇಕು? ಎ, ಹೊರಗೆ ನಿಲ್ಲಿಸಬೇಕು. ಬಿ, ಪೋಷಕರನ್ನು ಕರೆಸಬೇಕು. ಸಿ, ಮಗುವಿನೊಡನೆ ಮಾತಾಡಿ ಕಾರಣ ತಿಳಿಯಬೇಕು. ಡಿ, ಗಮನಿಸದಂತೆ ಇರಬೇಕು. ನೀವ್ ಡಿ ತುಂಬ್ಸಿದ್ರಿ. ತಪ್ಪ್. ಸಿ."

"ಡಿಯೇ ಸರಿ."

"ಪುಸ್ತಕದಲ್ ಸಿ ಇತ್ತ್."

"ಪುಸ್ತಕ ಬರ್ದವ್ನ್ ಒಂದ್ ದಿನ ನನ್ ಕ್ಲಾಸಿಗ್ ಬರ್ಲಿ. ಕರಿಯನ ಮೊಮ್ಮಗಳ್ ದಿನಾ ತಡ ಬತ್ತ್. ಅದ್ರ ಅಮ್ಮ ಏಳ್ ಗಂಟಿಗ್ ಗೇರ್‌ಬೀಜದ ಫ್ಯಾಕ್ಟರಿಗ್ ಹೋತ್ಲ್. ಈ ಮಗು ತಮ್ಮನ್ನ್ ಮೀಯ್ಸಿ, ಅಂಗನವಾಡಿಗ್ ಬಿಟ್ಟ್, ಮತ್ತೆ ಶಾಲಿಗ್ ಓಡಿ ಬಪ್ಪುದ್. ಎಲ್ಲರೆದ್ರಿಗ್ ಕಾರಣ ಕೇಳಿರೆ ಮರ್ಕ್ತ್, ಕಣ್ಣೀರ್ ಹಾಕ್ತ್. ನಾನ್ ಕಾಣದ ಹಾಂಗೆ ಬೋರ್ಡಿನ್ ಕಡಿ ತಿರ್ಗ್ತೆ. ಬಾಗ್ಲ್ ಹತ್ರ ಅದಕ್ಕ್ ಒಂದ್ ಜಾಗ ಇಟ್ಟಿದೆ. ಬಂದ್ ಕೂಕಂತ್."

ಸುಪ್ರೀತಾ ಪುಸ್ತಕದಿಂದ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಈ ಹೆಂಗಸು ಊರಿನ ಮಕ್ಕಳಿಗೆ ಬಾಗಿಲ ಹತ್ತಿರ ಜಾಗ ಇಡುತ್ತಾಳೆ ಎಂಬುದು ಅವಳಿಗೆ ಹೊಸ ಸಮಾಚಾರ. ಒಂದು ಕ್ಷಣ ಅವಳಿಗೆ ಆ ಮಗುವಿನ ಮೇಲೇ ಹೊಟ್ಟೆಕಿಚ್ಚು ಬಂತು.

"ಕಾರಣ ಗೊತ್ತಿದ್ದದ್ಕೇ ಅಲ್ದಾ ನೀವ್ ಹಾಂಗ್ ಮಾಡೂದ್? ಅದೇ ಸಿ," ಅಂದಳು. "ನಿಮ್ಮತ್ರ ಪಾಠ ಮಾಡೂಕೆ ಹೇಳ್ಲಿಲ್ಲ ಅತ್ತೆ. ಪಾಸ್ ಆಪುಕೆ ಹೇಳಿದ್ದ್."

ಇನ್ನೊಂದು ಜಗಳ ಖಾಲಿ ಬಿಟ್ಟ ಪ್ರಶ್ನೆಗಳದು. ಗೊತ್ತಿಲ್ಲದ್ದನ್ನು ಟೀಚರು ಹಾಗೇ ಬಿಡುವರು. ತಪ್ಪಿದರೆ ಮಾರ್ಕು ಕಡಿತ ಇಲ್ಲ, ಕಣ್ಣು ಮುಚ್ಚಿ ಉತ್ತರ ಹಾಳೆಯ ಒಂದು ಗೋಲ ತುಂಬಿಸಿ ಎಂದು ಸುಪ್ರೀತಾ ದಿನವೂ ಹೇಳುವಳು.

"ಗೊತ್ತಿಲ್ದಿದ್ದನ್ನ್ ಗೊತ್ತಿತ್ತ್ ಅಂದೇಳಿ ಬರೂದ್ ಮೋಸ. ನನ್ ಮಕ್ಕಳಿಗ್ ನಾನ್ ಅದನ್ನ್ ಕಲ್ಸ್ಲಿಲ್ಲ."

"ಹಂಗಾರೆ ನಿಮ್ ಮಕ್ಕಳೊಟ್ಟಿಗೇ ಮನೆಲ್ ಕೂಕಣಿ, ಸಂಬಳ ಇಲ್ದೆ."

ಕೊನೆಗೆ ಒಂದು ರಾಜಿಯಾಯಿತು. ಗೊತ್ತಿದ್ದದ್ದನ್ನೆಲ್ಲ ಮೊದಲು ಬರೆದು, ಖಾಲಿ ಉಳಿದದ್ದನ್ನು ಕೊನೆಯ ಐದು ನಿಮಿಷದಲ್ಲಿ ಒಟ್ಟಿಗೆ ತುಂಬಿಸುವುದು. ಟೀಚರು ಮುಖ ಕಿವುಚಿಯೇ ಒಪ್ಪಿದರು. ಮಾರ್ಕು ಎಪ್ಪತ್ತನಾಲ್ಕಾಯಿತು, ಎಂಬತ್ತಾಯಿತು, ಎಂಬತ್ತೊಂಬತ್ತಾಯಿತು.

*

ದೀಪಾವಳಿಗೆ ಎರಡು ದಿನ ಇರುವಾಗ ಅಜಿತ್ ಬೈಂದೂರಿನ ಸೈಬರಿನಿಂದ ಅರ್ಜಿಯ ಪ್ರಿಂಟು ತಂದ. ಒಂದೇ ಇತ್ತು.

"ನಂದ್ ಎಲ್ಲಿ?" ಕೇಳಿದಳು ಸುಪ್ರೀತಾ. ಫೋಟೋ, ಅಂಕಪಟ್ಟಿ, ಎಲ್ಲ ಅವನ ಕೈಗೇ ಕೊಟ್ಟಿದ್ದಳು.

ಅಜಿತ್ ಅಮ್ಮನನ್ನು ನೋಡಿದ. ಗಿರಿಜಾ ಟೀಚರು ದೋಸೆಗೆ ನೆನೆಹಾಕಿದ ಅಕ್ಕಿ ತೊಳೆಯುತ್ತಿದ್ದರು, ತಿರುಗದೆಯೇ ಹೇಳಿದರು. "ನಾನೇ ಬ್ಯಾಡ ಅಂದದ್ದ್. ಪರೀಕ್ಷಿ ಭಾನ್ವಾರವೇ ನೆಲಗಡ್ಲೆ ಬಿತ್ತುಕೆ ಹನ್ನೆರಡ್ ಆಳ್ ಬತ್ರ್. ಇಬ್ರೂ ಕುಂದಾಪುರಕ್ಕ್ ಹೋರೆ ಅವರಿಗ್ ಗಂಜಿ ಯಾರ್ ಬಡ್ಸೂದ್? ನನ್ನದ್ ಕೆಲ್ಸ ಹೋಪ ವಿಚಾರ. ನೀ ಮುಂದಿನ್ ಸಲ ಬರಿ."

ನೆಲಗಡಲೆಯನ್ನು ಮತ್ತೊಂದು ಭಾನುವಾರವೂ ಬಿತ್ತಬಹುದಿತ್ತು. ನಿಜ ಸಂಗತಿ ಬೇರೆ. ಮೇಜಿನ ಎದುರು ಕೂತ ಸೊಸೆಗೆ ದಿನವೂ ನೂರು ದಾಟುತ್ತಿತ್ತು. ಇಬ್ಬರೂ ಒಂದೇ ದಿನ ಬರೆದು ಇವಳು ಪಾಸಾಗಿ ತಾನು ಬಿದ್ದರೆ ಸ್ಟಾಫ್ ರೂಮಿನಲ್ಲಿ ಮುಖ ಎತ್ತುವುದು ಹೇಗೆ ಎಂದು ಗಿರಿಜಾ ಟೀಚರಿಗೆ ಹೆದರಿಕೆ.

"ನೀವೂ ಹಾಂಗೇ ಹೇಳ್ದ್ರಾ?" ಸುಪ್ರೀತಾ ಗಂಡನನ್ನು ಕೇಳಿದಳು.

"ನಾನ್ ಎಂತ ಹೇಳೂದ್ ಮಾರಾಯ್ತಿ? ಅಮ್ಮ ಹೇಳಿತ್, ನಾನ್ ಮಾಡ್ದೆ."

"ನಾಳಿಗ್ ಅಮ್ಮ ಹೇಳಿರೆ ನನ್ನನ್ನೂ ಟೆಂಪೊಗ್ ಹಾಕಿ ಬ್ರಹ್ಮಾವರಕ್ಕ್ ಬಿಟ್ಟ್ ಬನ್ನಿ."

"ಹಬ್ಬದೆದ್ರಿಗ್ ಎಂತ ಮಾತ್ ಇದ್!" ಅಂದರು ಟೀಚರು.

"ಇವತ್ತಿಗ್ ಪಾಠ ಇಲ್ಲ ಅತ್ತೆ," ಅಂದಳು ಸುಪ್ರೀತಾ. ಅಂದು ಅಲಾರಾಂ ಇಡಲಿಲ್ಲ, ಮರುದಿನವೂ ಇಡಲಿಲ್ಲ.

ಹಬ್ಬಕ್ಕೆ ತವರಿಗೆ ಹೋದವಳು ತಮ್ಮ ರವಿಚಂದ್ರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಬೈಲಿನಲ್ಲೇ ಅರ್ಜಿ ತುಂಬಿದಳು. ಕೇಂದ್ರ ಕುಂದಾಪುರ ಎಂದೇ ಹಾಕಿದಳು. ಅವಳ ತಾಯಿ, "ಅತ್ತಿಗ್ ಹೇಳ್ದೆ ಹೀಂಗೆಲ್ಲ ಮಾಡೂದಾ ಮಗಾ?" ಎಂದು ಹೆದರಿದರು. "ಅವ್ರ್ ನಂಗ್ ಹೇಳಿ ಮಾಡ್ದ್ರಾ?" ಅಂದಳು ಸುಪ್ರೀತಾ. ವಾರ ಕಳೆದು ಬಿಜೂರಿಗೆ ಮರಳಿದಾಗ ಈ ವಿಷಯ ಹೇಳಿದ್ದು ಒಬ್ಬರಿಗೇ, ಮಾವನಿಗೆ. ಚಂದಯ್ಯ ಶೆಟ್ಟರು ಮೀಸೆ ತಿರುವಿ, "ಹನ್ನೆರಡ್ ಆಳ್ ಅಂದ್ಯಲೆ? ಅದ್ ನನ್ ಕೈಗ್ ಸಮ ಬತ್ತ್," ಅಂದರು.

ಅವಳು ಪುನಃ ಪಾಠ ಶುರುಮಾಡಿದಳು. ಸೊಸೆ ಸೋತು ದಾರಿಗೆ ಬಂದಳು ಎಂದು ಟೀಚರು ತಿಳಿದರು. ಸೋತದ್ದೂ ಅಲ್ಲ, ದಾರಿಗೆ ಬಂದದ್ದೂ ಅಲ್ಲ. ಅತ್ತೆಗೆ ಹೇಳಿಕೊಡಲು ಒಂದೊಂದು ಪತ್ರಿಕೆಯನ್ನು ಎರಡೆರಡು ಸಲ ಬಿಡಿಸಬೇಕಾಗುತ್ತಿತ್ತು, ಅದರ ಲಾಭ ಅವಳಿಗೇ.

ನವೆಂಬರಿನ ಕೊನೆಗೆ ಒಂದು ಸಂಜೆ ಅವಳು ಓದಿದಳು. "ಒಬ್ಬ ವಿದ್ಯಾರ್ಥಿನಿ ಒಂದೇ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣಳಾದಳು. ನೀವು ಮೊದಲು ಮಾಡಬೇಕಾದ್ದೇನು? ಎ, ಇತರರ ಎದುರು ಅವಳ ಅಂಕ ಓದಿ ಹೇಳಬೇಕು. ಬಿ, ಕಾರಣ ಹುಡುಕಿ ನೆರವಾಗಬೇಕು. ಸಿ, ಪರೀಕ್ಷೆ ಬರೆಯದಂತೆ ತಡೆಯಬೇಕು. ಡಿ, ಸುಮ್ಮನಿರಬೇಕು."

"ಬಿ," ಅಂದರು ಟೀಚರು ತಕ್ಷಣ. ಅಷ್ಟರಮಟ್ಟಿಗೆ ಅವರು ಪಳಗಿದ್ದರು.

"ಸರಿ. ಒಂದ್ ಮಾರ್ಕ್."

ಪುಟ ತಿರುಗಲಿಲ್ಲ. ಟೀಚರು ತಲೆ ಎತ್ತಿದರು. ಸುಪ್ರೀತಾಳ ಕಣ್ಣು ಕೆಂಪಾಗಿತ್ತು. "ಈ ಮನೆಲ್ ಎ ಆಯ್ತ್, ಸಿ ಆಯ್ತ್, ಡಿಯೂ ಆಯ್ತ್," ಅಂದಳು. "ಬಿ ಒಬ್ರೂ ಬರೀಲಿಲ್ಲ."

"ಪುಸ್ತಕದಲ್ಲಿಪ್ಪುದನ್ನ್ ಕೇಳ್. ಮನೆದ್ ಬ್ಯಾಡ."

"ಪುಸ್ತಕದಲ್ಲಿಪ್ಪುದನ್ನೇ ಕೇಳಿದ್ದ್." ಪುಟ ತಿರುಗಿತು. ಅಂದು ಟೀಚರಿಗೆ ಬಂದದ್ದು ನೂರಾ ಒಂದು. ಮೊದಲ ಸಲ ನೂರು ದಾಟಿದ ಖುಷಿಯನ್ನು ಅವರು ಯಾರಿಗೂ ಹೇಳಿಕೊಳ್ಳಲಾಗಲಿಲ್ಲ.

*

ಪರೀಕ್ಷೆಯ ಭಾನುವಾರ ಗಿರಿಜಾ ಟೀಚರನ್ನು ಅಜಿತ್ ಬೈಕಿನಲ್ಲಿ ಹೈವೇಗೆ ಬಿಟ್ಟು ಬಸ್ಸು ಹತ್ತಿಸಿದ. ಕುಂದಾಪುರದ ಕಾಲೇಜಿನ ಗೇಟಿನಲ್ಲಿ ಮಗಳ ವಯಸ್ಸಿನವರ ಸಾಲಿನಲ್ಲಿ ಅವರು ನಿಂತರು. ಮುಂದೆ ಮೂರು ಜನರಾಚೆ ಸುಪರಿಚಿತ ಜಡೆಯೊಂದು ಕಂಡಿತು. ಅವರ ಬೆನ್ನಿಗೇ ಇನ್ನೊಂದು ಬಸ್ಸು ಹತ್ತಿದ್ದ ಸುಪ್ರೀತಾ ಓಡಿ ಬಂದು ಸಾಲಿನಲ್ಲಿ ಮುಂದೆ ನಿಂತಿದ್ದಳು.

"ನೀ ಎಂತಕ್ ಇಲ್ಲಿಗ್ ಬಂದದ್ದ್?"

"ಬರೂಕೆ."

"ಫಾರ್ಮ್ ಯಾರ್ ಹಾಕಿದ್ದ್?"

"ನಂಗೂ ಒಂದ್ ಮೊಬೈಲ್ ಇತ್ತ್ ಅತ್ತೆ."

"ಆಳ್‌ಗಳಿಗ್ ಗಂಜಿ?"

"ಮಾವ ಮಾಡ್ತ್ರ್."

"ಇಷ್ಟ್ ದಿನ ನನ್ನೆದ್ರಿಗ್ ಕೂಕಂಡ್, ಒಂದ್ ಮಾತ್ ಹೇಳ್ದೆ... ವಿಷ ನೀನ್!"

"ಹಾಲ್ ಟಿಕೆಟ್ ಕೈಯಲ್ ಹಿಡ್ಕಣಿ, ಕೇಳ್ತ್ರ್," ಅಂದು ಸುಪ್ರೀತಾ ಒಳಗೆ ನಡೆದಳು.

ಗೇಟಿನಲ್ಲಿ ಕೈಗಡಿಯಾರ ಬಿಚ್ಚಿಸಿದರು. ಇಬ್ಬರಿಗೂ ಬೇರೆ ಬೇರೆ ಕೋಣೆ. ಮಧ್ಯಾಹ್ನ ಹೊರಗೆ ಬಂದಾಗ ಟೀಚರ ಮುಖ ನೋಡಿ ಸುಪ್ರೀತಾ ಜಗಳಕ್ಕೆ ತಯಾರಾಗಿದ್ದಳು, ಆದರೆ ಅವರು ನೇರ ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಬಸ್ಸಿನಲ್ಲಿ ಟೀಚರು ಮುಂದಿನ ಸೀಟಿನಲ್ಲಿ ಕುಳಿತರು, ಸುಪ್ರೀತಾ ಹಿಂದೆ ನಿಂತಳು. ಮನೆಗೆ ಬಂದರೆ ಗದ್ದೆಯಲ್ಲಿ ಬಿತ್ತನೆ ಮುಗಿದಿತ್ತು, ಆಳುಗಳು ಚಂದಯ್ಯ ಶೆಟ್ಟರ ಊಟವನ್ನು ಹೊಗಳಿ ಹೋಗಿದ್ದರು, ಪಾತ್ರೆಯ ತಳದಲ್ಲಿ ಒಂದು ಸೌಟೂ ಉಳಿದಿರಲಿಲ್ಲ. ಟೀಚರು ಉಣ್ಣದೆ ಮಲಗಿದರು.

*

ಫಲಿತಾಂಶ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಟೀಚರು ಶಾಲೆಯಿಂದ ಬಂದು ಚಾ ಕುಡಿಯುವಾಗ. ಅಜಿತ್ ಮೊಬೈಲು ನೋಡಿದ, ಮತ್ತೊಮ್ಮೆ ನೋಡಿದ.

"ಓದ್," ಅಂದರು ಟೀಚರು.

"ಸುಪ್ರೀತಂದ್ ನೂರಾ ಒಂಬತ್."

"ನಂದ್?"

"ಎಂಬತ್ತೇಳ್."

ಚಂದಯ್ಯ ಶೆಟ್ಟರು ಚಾ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಸುಪ್ರೀತಾಳಿಗೆ ಕುಣಿಯಬೇಕು ಅನಿಸಿತು. ನಾಲ್ಕು ವರ್ಷ ಕಾದ ದಿನ. ಆದರೆ ಟೀಚರು ಅವಳಿಗೆ ಅಷ್ಟೂ ಹೊತ್ತು ಕೊಡಲಿಲ್ಲ.

"ನೀ ಬೇಕಂದೇ ನಂಗ್ ಸಮ ಕಲ್ಸ್ಲಿಲ್ಲ! ನೀ ಗೆಲ್ಲುಕೆ ನನ್ನನ್ನ್ ಕೂರ್ಸಿ ಅಭ್ಯಾಸ ಮಾಡ್ಕಂಡೆ!"

"ಮನೆಲ್ ನೂರಾ ಒಂದ್ ಬಂದದ್ದ್ ಯಾರ್ ಕಲ್ಸಿದ್ದಕ್ಕೆ? ಅಲ್ಲಿ ಎಂಬತ್ತೇಳ್ ಹ್ಯಾಂಗಾಯ್ತ್? ಹೇಳಿ. ಎಷ್ಟ್ ಬಿಟ್ಟ್ರಿ?"

ಟೀಚರು ಚಾ ಲೋಟ ತಿರುಗಿಸತೊಡಗಿದರು.

"ಎಷ್ಟ್ ಖಾಲಿ ಬಿಟ್ಟ್ರಿ ಅತ್ತೆ?"

"ಹನ್ನೊಂದ್."

"ಹನ್ನೊಂದಾ!" ಸುಪ್ರೀತಾ ಕಿರುಚಿದಳು. ಅವಳಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. "ನಾನ್ ದಿನಾ ಬಾಯ್ ಬಡ್ಕಂಡೆ. ಕೊನೆ ಐದ್ ನಿಮಿಷಕ್ಕೆ ಗೋಲ ತುಂಬ್ಸಿ ಅಂದೇಳಿ. ಮೋಸ ಅಂದೇಳಿ ಬಿಟ್ಟ್ರಿಯಾ? ನಿಮ್ ಆ ದೊಡ್ಡಸ್ತಿಕೆಗ್ ಕೆಲ್ಸ ಹೋತ್ತಲೆ!"

"ತುಂಬ್ಸುಕೇ ಇಟ್ಟಿದ್ದೆ," ಅಂದರು ಗಿರಿಜಾ ಟೀಚರು. ಧ್ವನಿ ಇಳಿದಿತ್ತು. "ಕೈಯಲ್ ಗಡಿಯಾರ ಇರ್ಲಿಲ್ಲ. ವಾರ್ನಿಂಗ್ ಬೆಲ್ಲಿಗೇ ಕಾಯ್ತಾ ಇದ್ದೆ. ಬೆಲ್ ಆಯ್ತ್."

"ಆಯ್ತಲೆ, ಮತ್ತೆ?"

"ನಾನ್ ಎದ್ದ್ ನಿಂತೆ."

ಯಾರಿಗೂ ಅರ್ಥವಾಗಲಿಲ್ಲ.

"ಎದ್ದ್ ನಿಂತ್, ಐದ್ ನಿಮಿಷ, ದಾರ ಕಟ್ಟಿ ಅಂದೆ. ದೊಡ್ಡಕೆ. ಮುಂದಿನ್ ಬೆಂಚಿಗ್ ಹೋಯಿ ಆ ಹುಡ್ಗಿ ಕೈಯಿಂದ ಹಾಳೆ ಎಳ್ದೆ. ಅದ್ 'ಯಾರ್ರೀ ನೀವು?' ಅಂದೇಳಿ ಕೂಗ್ತ್. ಕೋಣಿ ಇಡೀ ನಗಾಡ್ತ್. ಆ ಸೂಪರ್‌ವೈಸರ್, ಅಜಿತನಿಗಿಂತ ಸಣ್ಣವ್ನ್, ಬಂದ್ ನನ್ ಹೆಸ್ರ್ ಬರ್ಕಂಡ. ರಿಪೋರ್ಟ್ ಮಾಡ್ತೆ ಅಂದ. ನಾನೂ ಟೀಚರ್ ಮಾರಾಯಾ, ಮರ್ತ್ ಹೋಯ್ತ್ ಅಂದೇಳಿ ಕೈ ಮುಗ್ದೆ. ಕೂರುಕೆ ಬಿಟ್ಟ. ಕೂಕಂಡ್ ಖಾಲಿ ಗೋಲ ಹುಡ್ಕುಕೆ ಶುರು ಮಾಡ್ದೆ. ಕೊನೆ ಬೆಲ್ ಆಯ್ತ್."

ಅಜಿತ್‌ಗೆ ನಗು ಬಂದು ಮುಖ ತಿರುಗಿಸಿದ. ಚಂದಯ್ಯ ಶೆಟ್ಟರು ನಗಲಿಲ್ಲ. ಎರಡು ಬಟ್ಟಲು ಬೇಳೆ ಬೇಯಿಸಲಾಗದ ಕೈ ಅವರದು, ಬೆಲ್ಲಿಗೆ ತಾನಾಗಿ ಎದ್ದ ಹೆಂಡತಿಯ ಕಾಲಿನ ಸಂಕಟ ಅವರಿಗೆ ಅರ್ಥವಾಯಿತು.

"ಹೇಳ್," ಅಂದರು ಟೀಚರು ಸೊಸೆಗೆ. "ಮೂರ್ ಮಾರ್ಕ್ ಎಲ್ಲೋ ಬಿದ್ದ್ ಹೋಯ್ತಂಬ್ರ್ ಅಂದೇಳಿ ಊರಿಗೆಲ್ಲ ಹೇಳ್. ಕಾಯ್ತಾ ಇದ್ಯಲೆ?"

"ನಾನ್ ಹೇಳೂದಿಲ್ಲ. ನೀವೇ ಹೇಳ್ಕ್," ಅಂದಳು ಸುಪ್ರೀತಾ. "ನಾನ್ ಫೇಲಾದ್ದನ್ನ್ ಸ್ಟಾಫ್ ರೂಮಲ್ ಹೇಳಿದ್ರಿಯಲೆ, ಪಾಸಾದ್ದನ್ನೂ ಅಲ್ಲೇ ಹೇಳಿ. ನೂರಾ ಒಂಬತ್ ಅಂದೇಳಿ ಸಮಾ ಹೇಳಿ. ಮತ್ತೆ ಜೂನಿಂದ ನಾನ್ ಕೆಲ್ಸಕ್ಕ್ ಹೋತೆ, ಎಲ್ಲಿ ಸಿಕ್ಕಿರೆ ಅಲ್ಲಿಗೆ. ಇಷ್ಟಕ್ಕ್ ಒಪ್ಪಿರೆ ಮುಂದಿನ್ ಪರೀಕ್ಷಿಗ್ ಕಲಿಸ್ತೆ. ಇಲ್ದಿರೆ ಪುಸ್ತಕ ನಿಮ್ದೇ, ಬಚ್ಚಲೊಲಿಯೂ ನಿಮ್ದೇ."

"ಹೇಳೂದಿಲ್ಲ. ಸತ್ರೂ ಹೇಳೂದಿಲ್ಲ."

"ಸರಿ."

ಭಾನುವಾರ ಪೂರ್ತಿ ಆ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ಸೋಮವಾರ ಟೀಚರು ಶಾಲೆಗೆ ಹೋದರು. ಮಂಗಳವಾರ ಮಧ್ಯಾಹ್ನ ಹೆಡ್‌ಮಾಸ್ಟರು ಭೋಜರಾಜರು ಸುಪ್ರೀತಾಳಿಗೆ ಫೋನು ಮಾಡಿದರು. "ನೂರಾ ಒಂಬತ್ ಅಂಬ್ರಲೆ? ಗಿರಿಜಾ ಟೀಚರ್ ಎಲ್ಲರೆದ್ರಿಗ್ ಹೇಳಿದ್ರ್. ಅವ್ರದ್ ಎಷ್ಟಂದೇಳಿ ಕೇಳ್ದೆ. ಎಂಬತ್ತೇಳ್, ಸೊಸಿ ಕಲ್ಸಿದ್ಕ್ ಅಷ್ಟಾರೂ ಬಂತ್ ಅಂದ್ರ್. ಮತ್ತೆ ಕ್ಲಾಸಿಗ್ ಹೋರ್, ಇಡೀ ದಿನ ಸ್ಟಾಫ್ ರೂಮಿಗ್ ಬರ್ಲಿಲ್ಲ."

ಸುಪ್ರೀತಾ ಫೋನಿಟ್ಟಳು. ಗೆದ್ದದ್ದು ಹೌದು. ಅಂದುಕೊಂಡಷ್ಟು ರುಚಿ ಇರಲಿಲ್ಲ.

ಆರು ಗಂಟೆಗೆ ಜಗಲಿಯ ಮೇಜಿನ ಮೇಲೆ ಪುಸ್ತಕವಿತ್ತು. ಮೊಬೈಲು ಇರಲಿಲ್ಲ. ಅದರ ಬದಲಿಗೆ ಬಾಗಿಲ ಹತ್ತಿರ ಚಂದಯ್ಯ ಶೆಟ್ಟರು ಒಂದು ಕೈಯಲ್ಲಿ ಹಿತ್ತಾಳೆಯ ಹರಿವಾಣ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಕುಳಿತಿದ್ದರು. ಗಿರಿಜಾ ಟೀಚರು ಅದನ್ನು ನೋಡಿದರು, ಸೊಸೆಯನ್ನು ನೋಡಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕುಳಿತರು.

"ಕೊನೆ ಹನ್ನೊಂದ್ ಪ್ರಶ್ನೆ ಬಿಟ್ಟ್ ಬರೀರಿ," ಅಂದಳು ಸುಪ್ರೀತಾ. ಎರಡು ಗಂಟೆ ದಾಟಿದ ಮೇಲೆ ಮಾವನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು.

ಢಣ್ ಎಂದಿತು ಹರಿವಾಣ. ಟೀಚರ ಮೊಣಕಾಲು ನೆಟ್ಟಗಾಯಿತು, ಕುರ್ಚಿ ಹಿಂದಕ್ಕೆ ಸರಿಯಿತು, ಬಾಯಿ "ಐದ್" ಎಂದು ತೆರೆಯಿತು.

"ಕೂಕಣಿ," ಅಂದಳು ಸೊಸೆ.

ಮದುವೆಯಾಗಿ ಬಂದ ದಿನದಿಂದ ಅತ್ತೆ ಕೂರದೆ ಕೂರದವಳು, ತಲೆಯನ್ನೂ ಎತ್ತದೆ ಹೇಳಿದಳು. ಟೀಚರ ಮುಖ ಕೆಂಪಾಯಿತು. ಕುಳಿತರು.

"ಮತ್ತೊಂದ್ಸಲ ಹೊಡೀರಿ ಮಾವ."

ಢಣ್. ಟೀಚರು ಅರ್ಧ ಎದ್ದರು.

"ಕೂಕಣಿ."

ಏಳನೆಯ ಸಲ ಹರಿವಾಣ ಸದ್ದು ಮಾಡಿದಾಗ ಗಿರಿಜಾ ಟೀಚರ ಎಡಗೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವರು ಏಳಲಿಲ್ಲ. ಬಲಗೈ ಗೋಲ ತುಂಬಿಸುತ್ತ ಹೋಯಿತು, ಒಂದು, ಎರಡು, ಹನ್ನೊಂದು. ಪೆನ್ನು ಇಟ್ಟು ಹಾಳೆಯನ್ನು ಸೊಸೆಯ ಕಡೆಗೆ ತಳ್ಳಿದರು.

ಸುಪ್ರೀತಾ ಹಾಳೆ ನೋಡಿದಳು. ಒಂದೂ ಖಾಲಿ ಇರಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ತಿದ್ದಲು ಕುಳಿತಳು. ಅತ್ತೆ ಕೂತಲ್ಲಿಂದ ಏಳಲಿಲ್ಲ, ತಮ್ಮ ಮಾರ್ಕು ಎಷ್ಟೆಂದು ಕೇಳಲು ಕಾದರು.